ತಿಂಗಳಿಗೆ ಎಷ್ಟು ಕಿಲೋ ಸಕ್ಕರೆ?

ಮಂಗಳೂರಿನ ನನ್ನ ಕ್ಲಿನಿಕ್ಕಿಗೆ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಮನೆಗೆ ತಿಂಗಳಿಗೆ ಎಷ್ಟು ಕಿಲೋ ಸಕ್ಕರೆ ತರ್ತೀರಿ?" ಊಟ ತಿಂಡಿಯ ಬಗ್ಗೆ ಕೇಳಿದರೆ ಎಲ್ಲರೂ ಚಂದ ಮಾಡಿ ಹೇಳುತ್ತಾರೆ. ಕಿಲೋ ಲೆಕ್ಕ ಕೇಳಿದಾಗ ಸ್ವಲ್ಪ ಹೊತ್ತು ಮಾತು ನಿಲ್ಲುತ್ತದೆ.

ಕಳೆದ ವರ್ಷ ಉಡುಪಿ ಕಡೆಯ ಒಬ್ಬ ತಾಯಿ ಬಂದಿದ್ದರು. ಎಂಟು ವರ್ಷದ ಮಗ, ತೂಕ ಜಾಸ್ತಿ, ಹಿಂದಿನ ಎರಡು ಹಲ್ಲು ಹುಳುಕು. "ಸಕ್ಕರೆ ನಾವು ಹೆಚ್ಚು ಬಳಸುದಿಲ್ಲ ಮೇಡಂ, ಅಡುಗೆಗೆಲ್ಲ ಬೆಲ್ಲವೇ ಹಾಕುದು" ಅಂದರು. ಅಂಗಡಿ ಚೀಟಿ ನೆನಪು ಮಾಡಿಸಿದೆ. ಸಕ್ಕರೆ 5 ಕಿಲೋ, ಬೆಲ್ಲ 1 ಕಿಲೋ. ಮನೆಯಲ್ಲಿ ಅತ್ತೆಯೂ ಸೇರಿ ನಾಲ್ಕು ಜನ. 6 ಕಿಲೋವನ್ನು ನಾಲ್ಕು ಜನಕ್ಕೆ, 30 ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 50 ಗ್ರಾಂ. ಬಿಸ್ಕೆಟ್, ಚಾಕೊಲೇಟ್, ಐಸ್‌ಕ್ರೀಮ್ ಇದರಲ್ಲಿ ಸೇರಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು: ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ ಹತ್ತಕ್ಕಿಂತ ಕೆಳಗೆ ಇರಬೇಕು, ಐದಕ್ಕಿಂತ ಕೆಳಗೆ ಇಳಿದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ತಿನ್ನುವ ದೊಡ್ಡವರಿಗೆ ಐದು ಅಂದರೆ 25 ಗ್ರಾಂ, ಸುಮಾರು ಆರು ಟೀ ಚಮಚ. 1,600 ಕ್ಯಾಲೊರಿ ಸಾಕಾಗುವ ಮಗುವಿಗೆ 20 ಗ್ರಾಂ. ನಾಲ್ಕು ಜನರ ಮನೆಗೆ ಹಾಗಾದರೆ ತಿಂಗಳಿಗೆ ಹೆಚ್ಚೆಂದರೆ 3 ಕಿಲೋ, ಅದೂ ಹೊರಗೆ ತಿಂದದ್ದೆಲ್ಲ ಸೇರಿಸಿ.

ಸಂಸ್ಥೆ ಲೆಕ್ಕಕ್ಕೆ ಹಿಡಿಯುವ ಸಕ್ಕರೆಯ ಪಟ್ಟಿಯಲ್ಲಿ ಬೆಲ್ಲವೂ ಉಂಟು, ಜೇನೂ ಉಂಟು, ಹಣ್ಣಿನ ಜ್ಯೂಸೂ ಉಂಟು. ಇಡೀ ಹಣ್ಣು ಇಲ್ಲ, ಹಾಲಿನೊಳಗೆ ಮೊದಲೇ ಇರುವ ಸಿಹಿ ಇಲ್ಲ. ಬೆಲ್ಲದ ವಿಷಯಕ್ಕೆ ನನಗೆ ಜಗಳ ಆದಷ್ಟು ಬೇರೆ ಯಾವುದಕ್ಕೂ ಆಗಿಲ್ಲ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಇರುವುದು ನಿಜ. ಆದರೆ ನೂರು ಗ್ರಾಂ ಬೆಲ್ಲದಲ್ಲಿ ಎಂಬತ್ತಕ್ಕಿಂತ ಜಾಸ್ತಿ ಗ್ರಾಂ ಸಕ್ಕರೆಯೇ. ಕಬ್ಬಿಣ ಬೇಕಾದರೆ ಹರಿವೆ ಸೊಪ್ಪಿನ ಪಲ್ಯ ಮಾಡಿ, ಹುರುಳಿ ಸಾರು ಮಾಡಿ, ಮೇಲೆ ನಿಂಬೆ ಹಿಂಡಿ. ಖರ್ಜೂರದ ಪೇಸ್ಟ್ ಹಾಕಿದ ಲಾಡು ಈಗ ಹೊಸ ಫ್ಯಾಶನ್ನು. ಅದೂ ಹಾಗೆಯೇ. ಒಂದೆರಡು ಖರ್ಜೂರ ಅಗಿದು ತಿಂದರೆ ಬೇರೆ ಮಾತು, ಹತ್ತು ಖರ್ಜೂರ ಅರೆದು ಉಂಡೆ ಕಟ್ಟಿದರೆ ನಾಲಿಗೆಗೆ ಕಲಿಸಿದ್ದು ಅದೇ ಸಿಹಿ. ಒಂದು ವರ್ಷದೊಳಗಿನ ಮಗುವಿಗೆ ಜೇನಂತೂ ನೆಕ್ಕಿಸಲೇಬೇಡಿ, ಅದಕ್ಕೆ ಬೊಟುಲಿಸಂ ಎಂಬ ವಿಷಬಾಧೆಯ ಅಪಾಯ ಬೇರೆಯೇ ಉಂಟು.

ಸರಿ, ಆ ತಾಯಿಯ 6 ಕಿಲೋ ಎಲ್ಲಿಗೆ ಹೋಗುತ್ತಿತ್ತು? ಅವರ ಗುಮಾನಿ ಸಾಂಬಾರಿನ ಮೇಲೆ. ನಮ್ಮ ಕಡೆ ಸಾಂಬಾರು, ಸಾರು, ಪಲ್ಯ ಎಲ್ಲದಕ್ಕೂ ಒಂದು ಚೂರು ಬೆಲ್ಲ ಬೀಳುತ್ತದೆ ಅಲ್ವಾ? ಲೆಕ್ಕ ಮಾಡಿದೆವು. ನಾಲ್ಕು ಜನರ ಸಾಂಬಾರಿಗೆ 10 ಗ್ರಾಂ ಬೆಲ್ಲ, ಒಬ್ಬರಿಗೆ ಬಂದದ್ದು ಎರಡೂವರೆ ಗ್ರಾಂ. ಕಳ್ಳ ಕೂತದ್ದು ಹಾಲಿನ ಲೋಟದಲ್ಲಿ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಪ್ರತಿ ಲೋಟಕ್ಕೂ 20 ಗ್ರಾಂ ಮಾಲ್ಟ್ ಪುಡಿ, ಅದರ ಮೇಲೆ ಎರಡು ಚಮಚ ಸಕ್ಕರೆ. ಇಂಥ ಪುಡಿಗಳಲ್ಲಿ ಮೂರನೇ ಒಂದು ಭಾಗ ಸಕ್ಕರೆ ಇರುವುದು ಸಾಮಾನ್ಯ. ಪುಡಿಯಿಂದ ಆರೇಳು ಗ್ರಾಂ, ಚಮಚದಿಂದ ಎಂಟು ಹತ್ತು. ಎರಡು ಲೋಟಕ್ಕೆ 30 ಗ್ರಾಂ ಮುಗಿಯಿತು. ಹುಡುಗ ಇನ್ನೂ ಶಾಲೆಯ ಬ್ಯಾಗ್ ಬಿಚ್ಚಿಲ್ಲ.

ಅದನ್ನು ಅವರು ಹೆಲ್ತ್ ಡ್ರಿಂಕ್ ಅಂತ ತಂದದ್ದು. 2024ರ ಏಪ್ರಿಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪುಡಿಗಳನ್ನು ಹೆಲ್ತ್ ಡ್ರಿಂಕ್ ಎಂಬ ಪಟ್ಟಿಯಲ್ಲಿ ಇಡಬೇಡಿ ಎಂದಿತು. ಯಾಕೆಂದರೆ ನಮ್ಮ ಆಹಾರ ಕಾನೂನಿನಲ್ಲಿ ಹಾಗೊಂದು ಹೆಸರೇ ಇಲ್ಲ. ಡಬ್ಬಿಯ ಹಿಂದೆ 'ಸೇರಿಸಿದ ಸಕ್ಕರೆ' ಎಷ್ಟು ಗ್ರಾಂ ಅಂತ ಬರೆದಿರುತ್ತದೆ, ಅದನ್ನು ನೋಡಿ. ಕೆಳಗಿನ ಸಾಮಾನಿನ ಪಟ್ಟಿಯನ್ನೂ ಓದಿ. ಯಾವುದು ಜಾಸ್ತಿಯೋ ಅದು ಮೊದಲು ಬರುತ್ತದೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಎಲ್ಲ ಸಕ್ಕರೆಯ ಅಣ್ಣತಮ್ಮಂದಿರೇ.

ಲೋಟದ ಸಕ್ಕರೆಯನ್ನು ಒಂದೇ ದಿನ ನಿಲ್ಲಿಸಿದರೆ ಹಾಲೇ ನಿಲ್ಲುತ್ತದೆ. ವಾರಕ್ಕೆ ಕಾಲು ಚಮಚ ಕಡಿಮೆ ಮಾಡಿ ಅಂದೆ. ಮೊದಲು ಚಮಚವನ್ನೇ ತೂಗಿ. ನಮ್ಮ ಮನೆಯ ಚಮಚದಲ್ಲಿ ಮಟ್ಟಸ ಹಾಕಿದರೆ 5 ಗ್ರಾಂ, ಗುಡ್ಡೆ ಮಾಡಿದರೆ 8 ಗ್ರಾಂ. ಎರಡು ಚಮಚ ಅನ್ನುವವರು ಹೆಚ್ಚಿನವರು ಗುಡ್ಡೆಯವರು. ಪುಡಿಯ ಬದಲು ಏಲಕ್ಕಿ, ಅರಶಿನ, ಇಲ್ಲವೇ ಹುರಿದು ಪುಡಿ ಮಾಡಿದ ರಾಗಿ ಸಾಕು. ಸಂಜೆಯ ಲೋಟವನ್ನು ಬಿಟ್ಟು ಮಜ್ಜಿಗೆ ಕೊಟ್ಟರೂ ಆಗುತ್ತದೆ. ಪುನರ್ಪುಳಿ (ಕೋಕಂ) ಶರಬತ್ತಿನ ಬಾಟಲಿ ಮನೆಯಲ್ಲಿದ್ದರೆ ಅದರಲ್ಲಿ ಹೆಚ್ಚಿನದು ಪಾಕವೇ. ಒಣ ಸಿಪ್ಪೆ ನೆನೆಸಿ, ಕಿವುಚಿ, ಉಪ್ಪು ಮತ್ತು ಹುರಿದ ಜೀರಿಗೆ ಪುಡಿ ಹಾಕಿ ಕುಡಿದು ನೋಡಿ. ಮೇ ತಿಂಗಳ ಸೆಕೆಗೆ ಅದಕ್ಕಿಂತ ತಂಪು ಬೊಂಡ, ಅಂದರೆ ಎಳನೀರು, ಮಾತ್ರ.

ಇಲ್ಲಿ ಒಂದು ಎಚ್ಚರಿಕೆ. ಟೈಪ್ 1 ಮಧುಮೇಹದ ಮಗು ಇರುವ ಮನೆಯಲ್ಲಿ ಸಕ್ಕರೆ ಡಬ್ಬಿ ಪೂರ್ತಿ ಖಾಲಿ ಮಾಡಬೇಡಿ. ಇನ್ಸುಲಿನ್ ತೆಗೆದುಕೊಂಡ ಮೇಲೆ ಸಕ್ಕರೆ ಮಟ್ಟ ತೀರಾ ಇಳಿದರೆ ಆ ಗಳಿಗೆಗೆ ಗ್ಲೂಕೋಸ್ ಅಥವಾ ಸಕ್ಕರೆಯೇ ಮದ್ದು. ಅದು ಮಗುವಿನ ಶಾಲೆಯ ಬ್ಯಾಗಿನಲ್ಲೂ ಇರಬೇಕು.

ಈಗ ಅಡುಗೆ. ಸಾಂಬಾರಿನ ಬೆಲ್ಲದ ಮೇಲೆ ನಾನು ಯುದ್ಧಕ್ಕೆ ಹೋಗುವುದಿಲ್ಲ, ಅದು ಕೊನೆಗೆ. ಆದರೂ ಕಡಿಮೆ ಮಾಡಬೇಕೆಂದಿದ್ದರೆ ಬೆಲ್ಲ ಅಲ್ಲಿಗೆ ಯಾಕೆ ಬಂತು ಅಂತ ನೋಡಬೇಕು. ಹುಳಿ ಜಾಸ್ತಿಯಾದಾಗ ಅದನ್ನು ಸರಿ ಮಾಡಲು ಬೆಲ್ಲ ಬರುತ್ತದೆ. ಬೆಲ್ಲ ಮಾತ್ರ ತೆಗೆದರೆ ಸಾಂಬಾರು ಚುರ್ ಎನ್ನುವ ಹುಳಿ, ಎಲ್ಲರ ಮುಖ ಕಿವುಚುತ್ತದೆ. ಹುಣಸೆಯನ್ನು ಕಾಲು ಭಾಗ ಕಡಿಮೆ ಮಾಡಿ, ತೆಂಗಿನತುರಿಯನ್ನು ಸ್ವಲ್ಪ ಕೆಂಪಗೆ ಹುರಿಯಿರಿ, ಬೇಳೆ ಒಂದು ಹಿಡಿ ಜಾಸ್ತಿ ಹಾಕಿ. ನೀರುಳ್ಳಿ ತಿನ್ನುವ ಮನೆಯಾದರೆ ಅದನ್ನು ನಿಧಾನ ಉರಿಯಲ್ಲಿ ಕಂದು ಬಣ್ಣಕ್ಕೆ ತನ್ನಿ. ಸಿಹಿ ಅಲ್ಲಿಂದಲೇ ಬರುತ್ತದೆ. ಬೀಟ್ರೂಟ್, ಸಿಹಿಕುಂಬಳ, ಕ್ಯಾರೆಟ್ ಪಲ್ಯಕ್ಕೆ ಬೆಲ್ಲ ಹಾಕುವವರನ್ನು ಕಂಡರೆ ನನಗೆ ಆಶ್ಚರ್ಯ. ಸಿಹಿಗೆ ಸಿಹಿ ಯಾಕೆ ಮಾರಾಯ್ರೆ? ದೋಸೆ ಕೆಂಪಾಗಲಿ ಅಂತ ಹಿಟ್ಟಿಗೆ ಸಕ್ಕರೆ ಹಾಕುವವರು ಅಕ್ಕಿ ಉದ್ದಿನ ಜೊತೆ ಅರ್ಧ ಚಮಚ ಮೆಂತೆ, ಒಂದು ಹಿಡಿ ಅವಲಕ್ಕಿ ನೆನೆಸಿ. ಬಣ್ಣ ಚಂದ ಬರುತ್ತದೆ.

ಅನನಾಸಿನ ಮೆಣಸ್ಕಾಯಿ ಎಂಬ ಸಿಹಿ ಖಾರದ ಪದಾರ್ಥವನ್ನು ಬೆಲ್ಲ ಇಲ್ಲದೆ ಮಾಡಿ ನೋಡಿದ್ದೇನೆ. ತಿನ್ನಲಿಕ್ಕೆ ಆಗಲಿಲ್ಲ. ಹಾಗಲಕಾಯಿ ಗೊಜ್ಜೂ ಅಷ್ಟೆ. ಅವನ್ನು ಅವುಗಳ ಪಾಡಿಗೆ ಬಿಡಿ, ದಿನಾ ಮಾಡುವ ಅಡುಗೆ ಅಲ್ಲವಲ್ಲ.

ಮಕ್ಕಳ ಡಬ್ಬಿ ನಿಜವಾದ ತಲೆಬಿಸಿ. ಬೆಳಿಗ್ಗೆ ಏಳಕ್ಕೆ ತುಂಬಿದ್ದು ಹನ್ನೊಂದಕ್ಕೋ ಒಂದಕ್ಕೋ ತೆರೆಯುತ್ತದೆ. ನಮ್ಮ ಕರಾವಳಿಯ ಸೆಕೆಗೆ ಕಾಯಿ ಚಟ್ನಿ ಅಷ್ಟರಲ್ಲಿ ಹುಳಿಯಾಗಿರುತ್ತದೆ. ಅದಕ್ಕೇ ತಾಯಂದಿರು ಬ್ರೆಡ್ ಜಾಮ್, ಕ್ರೀಮ್ ಬಿಸ್ಕೆಟ್, ಸಾಸ್ ಸವರಿದ ಚಪಾತಿ ರೋಲಿಗೆ ಹೋಗುವುದು. ಹಾಳಾಗುವುದಿಲ್ಲ, ಮಗು ವಾಪಸು ತರುವುದೂ ಇಲ್ಲ. ಜಾಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆ. ಒಂದು ದೊಡ್ಡ ಚಮಚ ಟೊಮೆಟೊ ಸಾಸಿನಲ್ಲಿ ಸುಮಾರು ಒಂದು ಟೀ ಚಮಚದಷ್ಟು. ಅದರ ಮೇಲೆ ಬಿಸ್ಕೆಟು ಹಲ್ಲಿನ ಸಂದಿಯಲ್ಲಿ ಅಂಟಿಕೊಂಡು ಸಂಜೆವರೆಗೆ ಕೂರುತ್ತದೆ. ಆ ಹುಡುಗನ ಹುಳುಕು ಹಲ್ಲು ಸುಮ್ನೆ ಬಂದದ್ದಲ್ಲ.

ಚಟ್ನಿ ಬೇಡದ ತಿಂಡಿ ಹುಡುಕಿದರೆ ಅರ್ಧ ಕೆಲಸ ಮುಗಿಯಿತು. ಪುಂಡಿಗೆ (ಅಕ್ಕಿತರಿಯ ಉಂಡೆ ಕಡುಬು) ಜೀರಿಗೆ, ಕಾಯಿತುರಿ ಹಾಕಿ ಉಗಿಯಲ್ಲಿ ಬೇಯಿಸಿದರೆ ಹಾಗೆಯೇ ತಿನ್ನಬಹುದು. ನಿನ್ನೆಯ ಕೊಟ್ಟೆ ಕಡುಬನ್ನು ತುಂಡು ಮಾಡಿ ಸಾಸಿವೆ ಒಗ್ಗರಣೆಯಲ್ಲಿ ಹುರಿದರೆ ನನ್ನ ಮಗಳು ಗೆಳತಿಯರಿಗೂ ಪಾಲು ಕೊಟ್ಟು ಬರುತ್ತಾಳೆ. ಕಡ್ಲೆ ಉಸ್ಲಿ, ಹೆಸರುಕಾಳು ಉಸ್ಲಿ, ಬೇಯಿಸಿದ ನೆಲಗಡಲೆ, ತಿನ್ನುವವರಿಗೆ ಮೊಟ್ಟೆ. ಬಜಿಲ್ ಸಜ್ಜಿಗೆಯೂ (ಅವಲಕ್ಕಿ, ಉಪ್ಪಿಟ್ಟು) ಆಗುತ್ತದೆ, ಅವಲಕ್ಕಿಗೆ ಹಾಕುವ ಬೆಲ್ಲವನ್ನು ಅರ್ಧ ಮಾಡಿ, ಕಾಯಿತುರಿಯನ್ನು ಜಾಸ್ತಿ ಮಾಡಿ. ಹಸಿ ತೆಂಗಿಗೆ ತನ್ನದೇ ಒಂದು ಸಣ್ಣ ಸಿಹಿ ಉಂಟು. ಆದರೆ ಕಾಯಿತುರಿ ಬಿದ್ದದ್ದನ್ನೆಲ್ಲ ಹನ್ನೊಂದರ ಬಿಡುವಿಗೆ ಇಡಿ, ಮಧ್ಯಾಹ್ನಕ್ಕೆ ಅಲ್ಲ. ಹಣ್ಣಿಗೆ ಸಿಪ್ಪೆ ಸುಲಿಯದ ಕದಳಿ ಬಾಳೆಹಣ್ಣು ಒಂದು. ಹೆಚ್ಚಿ ಇಟ್ಟರೆ ಕಪ್ಪಾಗುತ್ತದೆ, ಮಕ್ಕಳು ಮುಟ್ಟುವುದಿಲ್ಲ.

ಸಿಹಿ ಬೇಕೇ ಬೇಕು ಎನ್ನುವ ದಿನಕ್ಕೆ ಬನ್ಸ್, ಬಾಳೆಹಣ್ಣು ಕಲಸಿ ಕರಿಯುವ ನಮ್ಮ ಕಡೆಯ ಸಿಹಿ ಪೂರಿ. ಸಕ್ಕರೆ ಇಲ್ಲದ ಬನ್ಸಿನಲ್ಲಿ ನಾನು ಮೊದಲ ಸಲ ಚೆನ್ನಾಗಿ ಸೋತಿದ್ದೆ. ಅಂಗಡಿಯಿಂದ ತಂದ ಹಳದಿ ಹಣ್ಣನ್ನೇ ಕಿವುಚಿ ಹಿಟ್ಟು ಕಲಸಿದೆ. ಬಂದದ್ದು ಸಪ್ಪೆ ಪೂರಿ. ಮಗಳು ಡಬ್ಬಿಯನ್ನು ಹಾಗೆಯೇ ವಾಪಸು ತಂದು, "ಅಮ್ಮ, ಇದು ನಿನ್ನ ಪೇಶಂಟ್‌ಗಳಿಗೆ ಮಾಡಿದ್ದಾ?" ಅಂದಳು. ತಪ್ಪು ಹಣ್ಣಿನದು. ಬಾಳೆಕಾಯಿಯಲ್ಲಿ ತುಂಬಿರುವುದು ಪಿಷ್ಟ, ಹಣ್ಣಾಗುತ್ತಾ ಅದು ಸಕ್ಕರೆಯಾಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿ, ಯಾರೂ ತಿನ್ನದ ಹಾಗಾದ ಹಣ್ಣೇ ಬನ್ಸಿಗೆ ಸರಿ. ಅಂಥ ದೊಡ್ಡ ಹಣ್ಣು ಎರಡು, ಎರಡು ಮೂರು ದೊಡ್ಡ ಚಮಚ ಮೊಸರು, ಕಾಲು ಟೀ ಚಮಚ ಅಡುಗೆ ಸೋಡ, ಉಪ್ಪು, ಜೀರಿಗೆ. ಇದಕ್ಕೆ ಹಿಡಿಸುವಷ್ಟು ಹಿಟ್ಟು, ಸುಮಾರು ಎರಡು ಕಪ್. ನಾನು ಅರ್ಧ ಗೋಧಿ, ಅರ್ಧ ಮೈದಾ ಹಾಕುತ್ತೇನೆ. ನೀರು ಬೇಡವೇ ಬೇಡ. ರಾತ್ರಿ ಕಲಸಿ ಮುಚ್ಚಿಡಿ, ಬೆಳಿಗ್ಗೆ ಲಟ್ಟಿಸಿ. ಎಣ್ಣೆ ತೀರಾ ಕಾಯಬಾರದು, ಹಣ್ಣಿನ ಸಿಹಿ ಬೇಗ ಕಪ್ಪಾಗುತ್ತದೆ. ಕರಿದದ್ದು ಕರಿದದ್ದೇ, ವಾರಕ್ಕೊಮ್ಮೆ ಸಾಕು.

ಮೇ, ಜೂನ್‌ನಲ್ಲಿ ಹಲಸಿನ ಹಣ್ಣಿನ ಗಟ್ಟಿಗೂ (ಎಲೆಯಲ್ಲಿ ಬೇಯಿಸುವ ಕಡುಬು) ಇದೇ ಯುಕ್ತಿ. ಬಿರುಸು ತೊಳೆಯ ಬಕ್ಕೆಗಿಂತ ಮೆತ್ತನೆ ತೊಳೆಯ ತುಳುವೆ ಹಣ್ಣು ಒಳ್ಳೆಯದು. ಚೆನ್ನಾಗಿ ಹಣ್ಣಾದ ತುಳುವೆಗೆ ಬೆಲ್ಲ ಬೇಕೇ ಆಗುವುದಿಲ್ಲ. ಅಕ್ಕಿ, ಕಾಯಿತುರಿ ಸೇರಿಸಿ ಅರೆದು ಬಾಳೆ ಎಲೆಯಲ್ಲೋ ಸಾಗುವಾನಿ ಎಲೆಯಲ್ಲೋ ಮಡಚಿ ಉಗಿಗೆ ಇಡಿ. ನೀರು ದೋಸೆಗೆ ಕಾಯಿ ಬೆಲ್ಲದ ಬದಲು ಕಾಯಿತುರಿ, ಕಿವುಚಿದ ಬಾಳೆಹಣ್ಣು, ಏಲಕ್ಕಿ.

ಸ್ಟೀವಿಯಾ, ಶುಗರ್ ಫ್ರೀ ಮಾತ್ರೆ ಕೇಳುವವರೂ ಇದ್ದಾರೆ. ಮಕ್ಕಳ ಅಡುಗೆಗೆ ನಾನು ಹೇಳುವುದಿಲ್ಲ. ಮಧುಮೇಹ ಇಲ್ಲದವರು ತೂಕ ಇಳಿಸಲಿಕ್ಕೆ ಇವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿತು. ನನಗೆ ಬೇಕಾದದ್ದು ಕಡಿಮೆ ಸಿಹಿಗೆ ಒಗ್ಗಿದ ನಾಲಿಗೆ. ಮಾತ್ರೆ ಅದನ್ನು ಮಾಡುವುದಿಲ್ಲ.

ಆ ಉಡುಪಿಯ ಮನೆಯಲ್ಲಿ ಅತ್ತೆಯವರು ಮೊದಲು ಒಪ್ಪಲಿಲ್ಲವಂತೆ. "ಮಗು ಮೊದಲೇ ಏನೂ ತಿನ್ನುದಿಲ್ಲ, ಹಾಲಿಗೆ ಸಕ್ಕರೆಯೂ ಬೇಡವಾ?" ಅಂತ. ಅವರನ್ನೂ ಒಮ್ಮೆ ಕರೆದುಕೊಂಡು ಬನ್ನಿ ಅಂದೆ. ಬಂದರು. ನಾನು ಸಕ್ಕರೆಯ ಮಾತೇ ಎತ್ತಲಿಲ್ಲ. "ಅಮ್ಮ, ನೀವು ಶಾಲೆಗೆ ಹೋಗುವಾಗ ಏನು ತಿಂದು ಹೋಗ್ತಿದ್ದಿರಿ?" ಅಂತ ಕೇಳಿದೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ, ತಿಮರೆ (ಒಂದೆಲಗ) ಚಟ್ನಿ ಅಂತ ಹೇಳುತ್ತಾ ಹೋದರು. ಸಂಜೆಗೆ ಬೇಯಿಸಿದ ಗೆಣಸು. ಆ ಗೆಣಸು ಈಗ ಮೊಮ್ಮಗನ ಸಂಜೆಯ ತಿಂಡಿ, ಬೇಯಿಸುವುದು ಅಜ್ಜಿಯೇ. ಮೂರು ತಿಂಗಳ ಮೇಲೆ ಅವರ ಚೀಟಿಯಲ್ಲಿ ಸಕ್ಕರೆ 2 ಕಿಲೋಗೆ ಇಳಿದಿತ್ತು. ಬೆಲ್ಲ 1 ಕಿಲೋ ಹಾಗೆಯೇ ಇತ್ತು, ನಾನು ಮಾತಾಡಲಿಲ್ಲ. ಹುಡುಗ ಮಾತ್ರ ಯಾವುದೋ ಹೋಟೆಲಿನ ಸಾಂಬಾರು ಪಾಯಸದ ಹಾಗೆ ಉಂಟು ಅಂತ ಬಿಟ್ಟು ಬಂದನಂತೆ.

ಹೋಗುವಾಗ ಅಜ್ಜಿ ಕೇಳಿದ್ದು ಅಷ್ಟಮಿಯ ವಿಷಯ. ಉಂಡೆ ಮಾಡಬಹುದೋ ಇಲ್ಲವೋ ಅಂತ. ಮಾಡಿ ಅಂದೆ, ನಾನೂ ಮಾಡುತ್ತೇನೆ. ಹಬ್ಬದ ದಿನ ತಿನ್ನಲಿ. ಆದರೆ ಉಳಿದ ಉಂಡೆಯನ್ನು ಒಂದು ವಾರ ಶಾಲೆಯ ಡಬ್ಬಿಗೆ ತುಂಬಿಸಬೇಡಿ. ಚಕ್ಕುಲಿ ಇಟ್ಟುಕೊಂಡು ಉಂಡೆಯನ್ನು ನೆರೆಕರೆಗೆ ಹಂಚಿ. ನೆರೆಕರೆಯವರೂ ನನ್ನ ಹತ್ತಿರ ಬರುವವರಾದರೆ ಮಾತ್ರ ಸ್ವಲ್ಪ ಕಷ್ಟ.