ಕೋಫಿ ಅಂದರೆ ನಮ್ಮ ತುಕ್ರ

ಒಂಬತ್ತನೇ ತರಗತಿಯಲ್ಲಿ ಆಫ್ರಿಕಾದ ವಿಷಯ ಎತ್ತುವ ದಿನ ನಾನು ಭೂಪಟ ತೂಗುಹಾಕುವುದಿಲ್ಲ. ಬೋರ್ಡಿನ ಮೇಲೆ ಏಳು ಹೆಸರು ಬರೆಯುತ್ತೇನೆ. ಕ್ವಾಸಿ, ಕೋಜೊ, ಕ್ವಾಬೆನಾ, ಕ್ವಾಕು, ಯಾವ್, ಕೋಫಿ, ಕ್ವಾಮೆ. ಘಾನಾ ದೇಶದ ಅಕಾನ್ ಜನ ಗಂಡುಮಗುವಿಗೆ ಹುಟ್ಟಿದ ವಾರ ನೋಡಿ ಇಡುವ ಹೆಸರುಗಳಿವು. ಭಾನುವಾರ ಹುಟ್ಟಿದವನು ಕ್ವಾಸಿ, ಶನಿವಾರದವನು ಕ್ವಾಮೆ. ಹೆಣ್ಣುಮಕ್ಕಳಿಗೆ ಬೇರೆ ಏಳು ಹೆಸರಿವೆ.

ಆಮೇಲೆ ಕೇಳುತ್ತೇನೆ: "ನಮ್ಮ ತುಳುನಾಡಿನಲ್ಲಿ ಹೀಗೆ ಹೆಸರಿಡುತ್ತಿದ್ದರಾ?"

ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಯಾರೋ ಒಬ್ಬ "ತುಕ್ರ, ಟೀಚರ್" ಅನ್ನುತ್ತಾನೆ. ಇಡೀ ತರಗತಿ ಗೊಳ್ಳೆಂದು ನಗುತ್ತದೆ. ನಾನು ಕಾಯುವುದು ಆ ನಗೆಗೇ. ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಅಂತ ಆ ಪಟ್ಟಿಯ ಪಕ್ಕದಲ್ಲೇ ಬರೆಯುತ್ತೇನೆ. ವಾರಕ್ಕೆ ವಾರ ಸರಿಯಾಗಿ ಹೊಂದುತ್ತದೆ.

ಕೋಫಿ ಅನ್ನಾನ್ 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದವರು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಅವರ ಹೆಸರಿಗೂ ತುಕ್ರ ಅನ್ನುವುದಕ್ಕೂ ಅರ್ಥ ಒಂದೇ, ಶುಕ್ರವಾರ ಹುಟ್ಟಿದವನು. ಹಾಗಾದರೆ ಒಂದು ಹೆಸರಿಗೆ ಗೌರವ, ಇನ್ನೊಂದಕ್ಕೆ ನಗು ಯಾಕೆ? ಈ ಪ್ರಶ್ನೆಗೆ ಮಕ್ಕಳು ನಿಧಾನಕ್ಕೆ ತಾವೇ ಉತ್ತರಕ್ಕೆ ಬರುತ್ತಾರೆ. ಅಕಾನ್ ಜನರಲ್ಲಿ ಅರಸನಿಗೂ ವಾರದ ಹೆಸರು, ರೈತನಿಗೂ ವಾರದ ಹೆಸರು. ನಮ್ಮಲ್ಲಿ ಅದು ಹೆಚ್ಚಾಗಿ ಇನ್ನೊಬ್ಬರ ಗದ್ದೆಯಲ್ಲಿ ದುಡಿದವರಿಗೇ ಅಂಟಿಕೊಂಡಿತು. ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಜಮೀನುದಾರರ ಮನೆಯ, ಯಜಮಾನರೊಬ್ಬರಿಗೆ ತುಕ್ರ ಅಂತ ಹೆಸರಿದ್ದದ್ದನ್ನು ನಾನಂತೂ ಕೇಳಿಲ್ಲ.

ಮೊದಲ ವರ್ಷಗಳಲ್ಲಿ ನಾನೂ ಇದನ್ನು ಕೆಡಿಸಿದ್ದೆ. "ಆಫ್ರಿಕಾದ ಜನಜೀವನ" ಅಂತ ತಲೆಬರಹ ಕೊಟ್ಟು, ಹುಲ್ಲಿನ ಗುಡಿಸಲು ಬಿಡಿಸಿ, ಡೋಲು, ಮುಖವಾಡ, ಮರುಭೂಮಿ ಅಂತ ಟಿಪ್ಪಣಿ ಬರೆಸಿದ್ದೆ. 54 ದೇಶಗಳಿರುವ, ಒಂಬತ್ತು ಭಾರತ ಹಿಡಿಸುವಷ್ಟು ದೊಡ್ಡ ಖಂಡಕ್ಕೆ ಅರ್ಧ ಪುಟದ ಟಿಪ್ಪಣಿ! ಈಗ ಒಂದೇ ಜನಾಂಗ ಹಿಡಿದುಕೊಳ್ಳುತ್ತೇನೆ. ಅಕಾನ್‌ರಲ್ಲೇ ಒಂದು ಗುಂಪಾದ, ಕುಮಾಸಿ ನಗರ ರಾಜಧಾನಿಯಾಗಿದ್ದ ಅಸಾಂಟೆ. ಅದನ್ನು ಮೂರು ಪಿರಿಯಡ್ ಪೂರ್ತಿ ಮಾಡುತ್ತೇನೆ.

ಅಸಾಂಟೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅವರಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಆ ಕುಲಕ್ಕೆ ಅಬುಸುವಾ ಅನ್ನುತ್ತಾರೆ. ಒಂದೇ ಅಬುಸುವಾದೊಳಗೆ ಮದುವೆ ಇಲ್ಲ. ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, "ನಮ್ಮ ಬರಿಯ ಹಾಗೇ ಅಲ್ವಾ" ಅಂತ ಅವರೇ ಹೇಳಿಬಿಡುತ್ತಾರೆ. ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ ಕುಲಕ್ಕೆ ಬರಿ ಅನ್ನುತ್ತಾರೆ. ಆಸ್ತಿ, ಪಟ್ಟ ಎಲ್ಲ ಮಗನಿಗಲ್ಲ, ತಂಗಿಯ ಮಗನಿಗೆ. ಅಳಿಯಸಂತಾನ! ಈ ಮಾತು ಬಂದ ಕೂಡಲೇ ತರಗತಿ ನೆಟ್ಟಗೆ ಕೂರುತ್ತದೆ.

ಆದರೆ "ಅವರೂ ನಮ್ಮ ಹಾಗೇ" ಅಂತ ಅಲ್ಲಿಗೇ ನಿಲ್ಲಿಸಿದರೆ ಪಾಠ ಕೆಟ್ಟಿತು. ಅಸಾಂಟೆ ಊರುಗಳಲ್ಲಿ ಮದುವೆಯಾದ ಮೇಲೂ ಎಷ್ಟೋ ಹೆಂಗಸರು ತವರುಮನೆಯಲ್ಲೇ ಇರುತ್ತಿದ್ದರು. ಗಂಡ ಅದೇ ಊರಿನಲ್ಲಿ, ತನ್ನ ತಾಯಿಯ ಮನೆಯಲ್ಲಿ. ಸಂಜೆ ಹೆಂಡತಿ ಅಡುಗೆ ಮಾಡಿದರೆ, ಮಕ್ಕಳು ಪಾತ್ರೆ ತಲೆಯ ಮೇಲಿಟ್ಟುಕೊಂಡು ಅಪ್ಪನ ಮನೆಗೆ ಓಡುತ್ತಿದ್ದರು. ಮುಸ್ಸಂಜೆಯಲ್ಲಿ ಬೀದಿ ತುಂಬ ಹೀಗೆ ಊಟ ಹೊತ್ತ ಮಕ್ಕಳು. ಈ ಚಿತ್ರ ಕೊಟ್ಟರೆ ಕುಟುಂಬ ಅನ್ನುವುದು ಎಷ್ಟು ಬಗೆಯಲ್ಲಿ ಇರಬಹುದು ಅಂತ ನಾನು ಬೇರೆ ಹೇಳಬೇಕಾಗುವುದಿಲ್ಲ.

ಅರಸನ ಜೊತೆ ಅಲ್ಲಿ ರಾಜಮಾತೆಯೂ ಇರುತ್ತಾಳೆ. ಅವಳು ಅರಸನ ತಾಯಿಯೇ ಆಗಬೇಕೆಂದಿಲ್ಲ, ಅಕ್ಕನೋ ಚಿಕ್ಕಮ್ಮನೋ ಆಗಬಹುದು. ಪಟ್ಟ ಖಾಲಿಯಾದರೆ ಹೊಸ ಅರಸನ ಹೆಸರು ಸೂಚಿಸುವವಳು ಅವಳೇ. 1920ರ ದಶಕದಲ್ಲಿ ರ‍್ಯಾಟ್ರೆ ಎಂಬ ಬ್ರಿಟಿಷ್ ಅಧಿಕಾರಿ ಇದನ್ನೆಲ್ಲ ಬರೆದುಕೊಂಡ. ಇಷ್ಟು ವರ್ಷ ಇದು ನನಗೆ ಗೊತ್ತೇ ಆಗಲಿಲ್ಲವಲ್ಲ ಅಂತ ಹಿರಿಯರನ್ನು ಕೇಳಿದ. ನೀವು ಕೇಳಲೇ ಇಲ್ಲ, ಬಿಳಿಯರು ವ್ಯವಹರಿಸಿದ್ದು ಗಂಡಸರ ಜೊತೆ ಮಾತ್ರ ಅಂತ ಅವರು ಹೇಳಿದರಂತೆ. ಮಕ್ಕಳನ್ನು ಊರಿನ ಸಮೀಕ್ಷೆಗೆ ಕಳಿಸುವ ಮುಂಚೆ ನಾನು ತಪ್ಪದೆ ಹೇಳುವ ಕಥೆ ಇದು.

1900ರಲ್ಲಿ ಬ್ರಿಟಿಷ್ ಗವರ್ನರ್ ಹಾಜ್‌ಸನ್ ಕುಮಾಸಿಗೆ ಬಂದು, ಅಸಾಂಟೆಯ ಚಿನ್ನದ ಪೀಠ ತನಗೆ ಕೂರಲು ಯಾಕೆ ತಂದಿಲ್ಲ ಅಂತ ದಬಾಯಿಸಿದ. ಇಡೀ ಜನಾಂಗದ ಆತ್ಮ ಅದರಲ್ಲಿದೆ ಅಂತ ಅವರ ನಂಬಿಕೆ, ಅರಸನೂ ಅದರ ಮೇಲೆ ಕೂರುವುದಿಲ್ಲ. ಯುದ್ಧವೇ ಆಯಿತು. ಮುಂದೆ ನಿಂತವಳು ಯಾ ಅಸಾಂಟೆವಾ ಎಂಬ ರಾಜಮಾತೆ. ಯಾ ಅಂದರೆ ಗುರುವಾರ ಹುಟ್ಟಿದವಳು. "ಒಂದು ಮಣೆಗಾಗಿ ಯುದ್ಧವಾ ಟೀಚರ್?" ಅಂತ ಒಬ್ಬಳು ಕೇಳಿದಳು. ನಿಮ್ಮ ಮನೆಯ ದೈವದ ಉಯ್ಯಾಲೆಯ ಮೇಲೆ ಕಲೆಕ್ಟರ್ ಬಂದು ಕೂರುತ್ತೇನೆ ಅಂದರೆ ಏನು ಮಾಡ್ತೀರಿ ಅಂತ ಕೇಳಿದೆ. ಮತ್ತೆ ಆ ಪ್ರಶ್ನೆ ಬರಲಿಲ್ಲ.

ಕೊನೆಯ ಪಿರಿಯಡ್ ಕೊಕ್ಕೋದ್ದು. ಪುತ್ತೂರು ಕಡೆಯ ಮಕ್ಕಳಿಗೆ ಅಡಿಕೆ ತೋಟದ ನಡುವಿನ ಕೊಕ್ಕೋ ಗೊತ್ತು. ಘಾನಾದಲ್ಲಿ ಗಂಡನ ಜೊತೆ ಹೆಂಡತಿ ಮಕ್ಕಳೂ ದುಡಿದು ಕೊಕ್ಕೋ ತೋಟ ಎಬ್ಬಿಸುತ್ತಿದ್ದರು. ಅವನು ಸತ್ತರೆ ತೋಟ ಅವನ ತಂಗಿಯ ಮಗನಿಗೆ. ಜಗಳ ಜಾಸ್ತಿಯಾಗುತ್ತಾ ಹೋಯಿತು. ನಮ್ಮಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಕಟ್ಟನ್ನು ಸಡಿಲಿಸಿತು. ಘಾನಾದಲ್ಲಿ ಉಯಿಲು ಬರೆಯದೆ ಸತ್ತವರ ಸ್ವಂತ ಸಂಪಾದನೆಗೆ 1985ರಲ್ಲಿ ಕಾನೂನು ಬಂತು. ವಾಸದ ಮನೆ, ಮನೆಸಾಮಾನು ಹೆಂಡತಿ ಮಕ್ಕಳಿಗೆ. ಉಳಿದದ್ದನ್ನು 16 ಪಾಲು ಮಾಡಿದರೆ ಮಕ್ಕಳಿಗೆ 9, ಹೆಂಡತಿಗೆ 3, ತಂದೆತಾಯಿಗೆ 2, ಕುಲದ ಪದ್ಧತಿಯಂತೆ ಹಂಚಲು 2.

ಈ ಲೆಕ್ಕ ಬೋರ್ಡಿನ ಮೇಲೆ ಹಾಕಿ ಸುಮ್ನೆ ನಿಂತೆ. ಅಷ್ಟು ವರ್ಷ ಮಾವನ ತೋಟ ನೋಡಿಕೊಂಡ ಅಳಿಯನಿಗೆ ಆ ಎರಡು ಪಾಲಿನಲ್ಲಿ ಎಷ್ಟು ಸಿಕ್ಕೀತು ಅಂತ ಒಬ್ಬ ಎದ್ದುನಿಂತ. ಮಕ್ಕಳು ದುಡಿದದ್ದಕ್ಕೆ ಲೆಕ್ಕ ಇಲ್ವಾ ಅಂತ ಇನ್ನೊಬ್ಬಳು. ಬೆಲ್ ಹೊಡೆದು ಗಣಿತದ ಸರ್ ಬಾಗಿಲಲ್ಲಿ ಬಂದು ನಿಂತರೂ ವಾದ ನಡೆದೇ ಇತ್ತು.