ಲ್ಯಾಕ್ ಓಪೆರಾನ್: ಚಿಲಕ ತೆಗೆದರೂ ಬಾಗಿಲು ಯಾಕೆ ತೆರೆಯುವುದಿಲ್ಲ?

ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್, ಲ್ಯಾಕ್ಟೋಸ್ ಎಂಬ ಎರಡೂ ಸಕ್ಕರೆ ಕೊಟ್ಟರೆ ಮೊದಲು ಗ್ಲೂಕೋಸ್ ಖಾಲಿ ಮಾಡುತ್ತದೆ. ಆಮೇಲೆ ಬೆಳವಣಿಗೆ ಸ್ವಲ್ಪ ಹೊತ್ತು ನಿಂತು, ಮತ್ತೆ ಲ್ಯಾಕ್ಟೋಸ್ ಮೇಲೆ ಶುರುವಾಗುತ್ತದೆ. ಗ್ರಾಫಿನ ಈ ಮೆಟ್ಟಿಲಿನ ಹಿಂದೆ ಬಿದ್ದವರು ಪ್ಯಾರಿಸ್‌ನ ಜಾಕ್ ಮೊನೊ. 1961ರಲ್ಲಿ ಅವರು ಮತ್ತು ಫ್ರಾಂಸ್ವಾ ಜಾಕೋಬ್ ಸೇರಿ ಓಪೆರಾನ್ (ಒಟ್ಟಿಗೇ ಆನ್-ಆಫ್ ಆಗುವ ಜೀನ್‌ಗಳ ಗುಂಪು) ಮಾದರಿಯನ್ನು ಮುಂದಿಟ್ಟರು. ಲ್ಯಾಕ್ಟೋಸ್ ಬಳಸಲು ಬೇಕಾದ ಜೀನ್‌ಗಳ ಗುಂಪೇ ಲ್ಯಾಕ್ ಓಪೆರಾನ್.

ಜೀನ್ ಓದುವ ಕಿಣ್ವ ಪಾಲಿಮರೇಸ್, ಅದು ಡಿಎನ್‌ಎ ಮೇಲೆ ಬಂದು ಕೂರುವ ಜಾಗ ಪ್ರೊಮೋಟರ್, ಆ ಜಾಗವನ್ನು ಗುರುತಿಸುವ ಅದರ ಭಾಗ ಸಿಗ್ಮಾ. ರಿಪ್ರೆಸರ್ ಎಂಬ ತಡೆಯುವ ಪ್ರೋಟೀನ್ ಕೂಡ ಸುಲಭ. ಲ್ಯಾಕ್ಟೋಸ್ ಇಲ್ಲದಾಗ ಅದು ಪ್ರೊಮೋಟರ್ ಪಕ್ಕದ ಆಪರೇಟರ್ ಎಂಬ ಡಿಎನ್‌ಎ ತುಣುಕಿನ ಮೇಲೆ ಕೂತು ಪಾಲಿಮರೇಸ್‌ಗೆ ಅಡ್ಡ ಬರುತ್ತದೆ. ಲ್ಯಾಕ್ಟೋಸ್ ಬಂದಾಗ ಅದರಲ್ಲಿ ಸ್ವಲ್ಪ ಅಲೋಲ್ಯಾಕ್ಟೋಸ್ ಎಂಬ ಸಕ್ಕರೆಯಾಗಿ, ರಿಪ್ರೆಸರ್‌ಗೆ ಅಂಟಿ, ಅದರ ಹಿಡಿತ ಬಿಡಿಸುತ್ತದೆ.

ನಾನು ಎಡವಿದ್ದು ಇದರ ಮುಂದೆ. ಎರಡೂ ಸಕ್ಕರೆ ಇದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಮೂರು ಸಲ ‘ಜೀನ್ ಜೋರಾಗಿ ಓಡುತ್ತದೆ’ ಅಂತಲೇ ಬರೆದೆ. ರಿಪ್ರೆಸರ್ ಹೋಯಿತಲ್ಲ, ಇನ್ನೇನು ಅಡ್ಡಿ?

ಅಡ್ಡಿ ಪ್ರೊಮೋಟರಿನಲ್ಲೇ ಇದೆ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲು ನೋಡಿದ್ದೀರಲ್ವಾ? ಚಿಲಕ ತೆಗೆದರೂ ಭುಜ ಕೊಟ್ಟು ತಳ್ಳಬೇಕು. ಜೀನ್ ಓದು ಶುರುವಾಗುವ ಜಾಗಕ್ಕಿಂತ 10 ಅಕ್ಷರ ಹಿಂದೆ, ಅಂದರೆ ಮೈನಸ್ 10ರ ಹತ್ತಿರ, ಸಿಗ್ಮಾ 70 ಎಂಬ ಮುಖ್ಯ ಸಿಗ್ಮಾಗೆ ತುಂಬ ಇಷ್ಟವಾದ ಆರು ಡಿಎನ್‌ಎ ಅಕ್ಷರ ಟಿ-ಎ-ಟಿ-ಎ-ಎ-ಟಿ. ಲ್ಯಾಕ್ ಪ್ರೊಮೋಟರಿನಲ್ಲಿ ಇರುವುದು ಟಿ-ಎ-ಟಿ-ಜಿ-ಟಿ-ಟಿ. ನಾಲ್ಕನೆಯದೂ ಐದನೆಯದೂ ಬೇರೆ. ಮೈನಸ್ 35ರಲ್ಲೂ ಒಂದು ಅಕ್ಷರ ಬೇರೆ. ಹಾಗಾಗಿ ಪಾಲಿಮರೇಸ್‌ಗೆ ಸರಿಯಾದ ಹಿಡಿತ ಸಿಗುವುದಿಲ್ಲ. ಭುಜ ಕೊಡುವುದು ಕ್ಯಾಪ್ ಎಂಬ ಪ್ರೋಟೀನ್. ಅದು ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವಿನ ಜೊತೆಗೂಡಿ ಸುಮಾರು ಮೈನಸ್ 60ರಲ್ಲಿ ಕೂತು, ಪಾಲಿಮರೇಸ್‌ನ ಆಲ್ಫಾ ಭಾಗವನ್ನು ಹಿಡಿದು, ಅದನ್ನು ಪ್ರೊಮೋಟರ್ ಮೇಲೆ ನಿಲ್ಲಿಸುತ್ತದೆ.

ಇದು ನನ್ನ ತಲೆಗೆ ಹೋಗಿದ್ದು ಯುವಿ5 ಎಂಬ ಮ್ಯುಟೆಂಟ್ (ಅಕ್ಷರ ಬದಲಾದ) ಪ್ರೊಮೋಟರಿನಿಂದ. ಅದರಲ್ಲಿ ಆ ಎರಡು ಅಕ್ಷರ ಬದಲಾಗಿ ಟಿ-ಎ-ಟಿ-ಎ-ಎ-ಟಿ ಆಗಿದೆ. ಅಷ್ಟಕ್ಕೇ ಅದು ಕ್ಯಾಪ್ ಇಲ್ಲದೆಯೂ ಜೋರಾಗಿ ಓಡುತ್ತದೆ! ಬಡಗಿ ಬಂದು ಉಬ್ಬಿದ ಅಂಚು ಹೆರೆದ ಹಾಗೆ. ಚಿಲಕ ಮಾತ್ರ ಹಾಗೇ ಇದೆ, ರಿಪ್ರೆಸರ್ ಇದನ್ನೂ ಮುಚ್ಚುತ್ತದೆ. ಅಂದರೆ ಇವು ಎರಡು ಬೇರೆ ಬೇರೆ ಕೆಲಸ.

ಗ್ಲೂಕೋಸ್‌ಗೆ ನನ್ನ ಗುರುತು ತಕ್ಕಡಿ: ಗ್ಲೂಕೋಸ್ ಮೇಲೆ ಹೋದರೆ ಸೈಕ್ಲಿಕ್ ಎಎಂಪಿ ಕೆಳಗೆ, ಆಗ ಜೊತೆ ಸಿಗದೆ ಕ್ಯಾಪ್‌ಗೆ ಭುಜ ಕೊಡಲಾಗುವುದಿಲ್ಲ. ಗ್ಲೂಕೋಸ್ ಯಾವತ್ತೂ ಕ್ಯಾಪ್ ಅನ್ನು ನೇರವಾಗಿ ಮುಟ್ಟುವುದಿಲ್ಲ, ಇದನ್ನು ಎರಡು ಸಲ ಓದಿಕೊಳ್ಳಿ. ಜೊತೆಗೆ, ಗ್ಲೂಕೋಸ್ ಒಳಗೆ ಬರುತ್ತಿರುವಾಗ ಲ್ಯಾಕ್ಟೋಸ್ ತರುವ ಪರ್ಮಿಯೇಸ್‌ಗೂ ತಡೆ ಬೀಳುತ್ತದೆ. ಆದ್ದರಿಂದ ಎರಡೂ ಸಕ್ಕರೆ ಇದ್ದಾಗ ಉತ್ತರ ‘ತುಂಬ ಕಡಿಮೆ’.

ಕೊನೆಗೆ ಉಳಿದಿದ್ದ ಅನುಮಾನ: ಪರ್ಮಿಯೇಸ್ ತಯಾರಾಗುವುದೇ ಈ ಓಪೆರಾನ್‌ನಿಂದ. ಹಾಗಾದರೆ ಮೊದಲ ಲ್ಯಾಕ್ಟೋಸ್ ಒಳಗೆ ಬಂದಿದ್ದು ಹೇಗೆ? ರಿಪ್ರೆಸರ್ ಆಗಾಗ ಸುಮ್ನೆ ಕಳಚಿಕೊಳ್ಳುತ್ತದೆ. ಆ ಸಂದಿಯಲ್ಲಿ ಒಂದಿಷ್ಟು ಪರ್ಮಿಯೇಸ್, ಒಂದಿಷ್ಟು ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವ ತಯಾರಾಗುತ್ತವೆ. ಮೊದಲನೆಯದು ಲ್ಯಾಕ್ಟೋಸ್ ತರುತ್ತದೆ, ಎರಡನೆಯದು ಅದನ್ನು ಅಲೋಲ್ಯಾಕ್ಟೋಸ್ ಮಾಡುತ್ತದೆ.