ಟಾರ್ಪಾಲಿನ ಕೆಳಗಿನ ಇಟಲಿ

ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟವಿರುವ ಗೆಳೆಯರೊಬ್ಬರ ಶೆಡ್ಡಿನಲ್ಲಿ ಒಂದು ಕೆಂಪು ಫಿಯೆಟ್ 124 ಸ್ಪೈಡರ್ ಇದೆ. ಎರಡು ಬಾಗಿಲು, ಮಡಚಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಮಾಡು, ಉದ್ದ ಮೂತಿ. ಹದಿನೈದು ಮಳೆಗಾಲಗಳನ್ನು ಅದು ನೀಲಿ ಟಾರ್ಪಾಲಿನ ಕೆಳಗೆ ಕಳೆದಿತ್ತು. ‘ಒಂದು ಹನಿ ಮಳೆ ಬೀಳುವುದಕ್ಕೆ ಬಿಟ್ಟಿಲ್ಲ’ ಎಂದು ಗೆಳೆಯರು ಟಾರ್ಪಾಲು ಎಳೆದಾಗ ಬಣ್ಣ ನಿಜಕ್ಕೂ ಹೊಳೆಯುತ್ತಿತ್ತು. ಟಿಂಕರಿಂಗ್ ಮೇಸ್ತ್ರಿ ಬಣ್ಣದ ಕಡೆ ಕಣ್ಣೆತ್ತಿ ನೋಡಲಿಲ್ಲ. ಬಾಗಿಲನ್ನು ಒಮ್ಮೆ ತೆಗೆದು ಹಾಕಿದರು, ಸಲೀಸಾಗಿತ್ತು. ಹಿಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಒಂದು ಮೂಲೆಯನ್ನು ಗೇಣುದ್ದ ಎತ್ತಿ ಮತ್ತೆ ಬಾಗಿಲು ಎಳೆದರು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಅಲುಗಾಡಲಿಲ್ಲ.

‘ಸಾಹುಕಾರ್ರೇ, ಕೆಳಗೆ ಏನೂ ಉಳಿದಿಲ್ಲ’ ಎಂದರು.

ಬಾಗಿಲಿಗೂ ಕೆಳಗಿನದಕ್ಕೂ ಏನು ಸಂಬಂಧ? ಮಾಡು ಇರುವ ಮಾಮೂಲಿ ಕಾರು ಒಂದು ಮುಚ್ಚಿದ ಪೆಟ್ಟಿಗೆ. ನೆಲ, ಕಂಬಗಳು, ಚಾವಣಿ ಎಲ್ಲವೂ ಸೇರಿ ತಿರುಚುವ ಬಲವನ್ನು ತಡೆಯುತ್ತವೆ. ಚಾವಣಿ ತೆಗೆದರೆ ಮುಚ್ಚಳವಿಲ್ಲದ ಬೂಟಿನ ಡಬ್ಬ ಉಳಿಯುತ್ತದೆ. ಎರಡು ತುದಿ ಹಿಡಿದು ಹಿಂಡಿದರೆ ಸೊಟ್ಟಗಾಗುತ್ತದೆ. ಇದನ್ನು ಬಿದಿರಿನಲ್ಲಿ ನೋಡುವುದು ಇನ್ನೂ ಚೆನ್ನ. ಇಡೀ ಬಿದಿರನ್ನು ತಿರುಚಲು ಯಾರ ಕೈಯಲ್ಲೂ ಆಗದು. ಉದ್ದಕ್ಕೆ ಒಂದೇ ಒಂದು ಸೀಳು ಬಿಟ್ಟು ನೋಡಿ, ಮಗುವೂ ತಿರುಚುತ್ತದೆ. ಲೆಕ್ಕ ಹಾಕಿದರೆ, 3 ಸೆಂಟಿಮೀಟರ್ ತ್ರಿಜ್ಯದ, 3 ಮಿಲಿಮೀಟರ್ ದಪ್ಪದ ಕೊಳವೆಗೆ ಉದ್ದಕ್ಕೂ ಸೀಳು ಬಿದ್ದರೆ ಅದು ಅದೇ ಬಲಕ್ಕೆ ಸುಮಾರು 300 ಪಟ್ಟು ಹೆಚ್ಚು ತಿರುಚಿಕೊಳ್ಳುತ್ತದೆ. ಒಂದು ಚೂರು ಲೋಹವೂ ಕಡಿಮೆಯಾಗಿಲ್ಲ, ಸುತ್ತು ತುಂಡಾಗಿದೆ ಅಷ್ಟೆ.

ಮಾಡು ಇಲ್ಲದ ಕಾರಿನಲ್ಲಿ ಈ ಬಿದಿರಿನ ಕೆಲಸವನ್ನು ಹೆಚ್ಚಾಗಿ ಮಾಡುವುದು ಬಾಗಿಲುಗಳ ಕೆಳಗೆ, ಎರಡು ಬದಿಗೆ, ಮುಂದಿನಿಂದ ಹಿಂದಕ್ಕೆ ಓಡುವ ಟೊಳ್ಳು ತಗಡಿನ ಪೆಟ್ಟಿಗೆಗಳು. ಹೊರಗಿನಿಂದ ನೋಡಿದರೆ ಅಲಂಕಾರದ ಅಂಚಿನಂತೆ ಕಾಣುತ್ತವೆ. ಮೇಸ್ತ್ರಿ ಅದರ ಮೇಲೆ ಒಂದು ಅಯಸ್ಕಾಂತ ಓಡಿಸಿದರು. ಮೊದಲು ಟಕ್ಕೆಂದು ಅಂಟಿತು, ಅರ್ಧ ಅಡಿ ಮುಂದೆ ಹೋಗಿ ಕೆಳಗೆ ಬಿತ್ತು. ಅಲ್ಲಿಂದ ಆಚೆಗೆ ಕಬ್ಬಿಣವಿರಲಿಲ್ಲ. ಯಾವ ಕಾಲದಲ್ಲೋ ಯಾರೋ ಮೆತ್ತಿದ ಪುಟ್ಟಿ ಮತ್ತು ಅದರ ಮೇಲೆ ಆ ಹೊಳೆಯುವ ಕೆಂಪು ಬಣ್ಣ.

ಕಾರಿನ ಕುಲಗೋತ್ರ ಒಳ್ಳೆಯದೇ. 1966ರ ಕೊನೆಗೆ ಟ್ಯೂರಿನ್ ಮೋಟಾರು ಪ್ರದರ್ಶನದಲ್ಲಿ ಹೊರಬಂದದ್ದು. ಪಿನಿನ್‌ಫರಿನಾ ಸಂಸ್ಥೆಯಲ್ಲಿ ಇದರ ರೂಪ ಬರೆದ ಟಾಮ್ ಚಾರ್ಡಾ ಇಟಲಿಯವರಲ್ಲ, ಅಮೆರಿಕದವರು. ಎಂಜಿನ್ ಔರೇಲಿಯೊ ಲಾಂಪ್ರೆಡಿಯವರದು. ಫಿಯೆಟ್‌ಗೆ ಬರುವ ಮೊದಲು ಅವರು ಫೆರಾರಿಗೆ ಎಂಜಿನ್ ಮಾಡಿದವರು. ತಲೆಯ ಮೇಲೆ ಕವಾಟಗಳನ್ನು ತೆರೆದು ಮುಚ್ಚುವ ಎರಡು ಕ್ಯಾಮ್‌ಶಾಫ್ಟ್, ಅವುಗಳನ್ನು ತಿರುಗಿಸಲು ಹಲ್ಲುಳ್ಳ ರಬ್ಬರ್ ಬೆಲ್ಟ್. ಆ ಕಾಲಕ್ಕೆ ಇದು ದೊಡ್ಡ ಧೈರ್ಯ. 1985ರವರೆಗೂ ತಯಾರಾದ ಈ ಕಾರುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ನಮಗೆ ಬಂದದ್ದು ಇದರ ಸಾಧು ಸ್ವಭಾವದ ಸೋದರ, 124 ಸೆಡಾನ್. ಅದರ ಚೌಕಾಕಾರದ ಮೈಗೆ ನಿಸ್ಸಾನ್ ಎಂಜಿನ್ ಕೂರಿಸಿ 1980ರ ದಶಕದಲ್ಲಿ ಪ್ರೀಮಿಯರ್ 118 ಎನ್‌ಇ ಎಂದು ಮಾರಿದರು. ಮಡಿಕೇರಿಯ ಹಳೆಯ ಮೆಕ್ಯಾನಿಕ್‌ಗಳು ಈ ಸ್ಪೈಡರಿನ ಕೆಳಗೆ ತೂರಿಕೊಂಡರೆ ಪರಿಚಿತರನ್ನು ಕಂಡಂತೆ ಮುಖ ಅರಳಿಸುವುದು ಇದಕ್ಕೇ.

ಇಟಲಿಯ ಹಳೆಯ ಕಾರುಗಳಿಗೆ ತುಕ್ಕಿನ ಅಪಖ್ಯಾತಿ ಇದೆ. ಅದಕ್ಕೆ ಒಂದು ಕಥೆಯೂ ಉಂಟು. 1966ರಲ್ಲಿ ಫಿಯೆಟ್ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡು ಟೋಲಿಯಾಟ್ಟಿಯಲ್ಲಿ 124ರ ಮಾದರಿಯ ಕಾರು ತಯಾರಿಸಲು ನೆರವಾಯಿತು. ಅದಕ್ಕೆ ಬದಲಾಗಿ ಕಳಪೆ ರಷ್ಯನ್ ಉಕ್ಕು ಬಂತು, ಅದರಿಂದ ಇಟಲಿಯ ಕಾರುಗಳೆಲ್ಲ ಕೊಳೆತವು ಎನ್ನುತ್ತಾರೆ. ಒಪ್ಪಂದ ನಿಜ, ಉಕ್ಕಿನ ಕಥೆಯಲ್ಲಿ ಪುರಾವೆಗಿಂತ ಹರಟೆಯೇ ಹೆಚ್ಚು. ಅಪ್ಪಟ ಉಕ್ಕನ್ನೇ ತಂದರೂ, ಒಳಮೈಗೆ ಬಣ್ಣ ತಾಗದ ಟೊಳ್ಳು ಪೆಟ್ಟಿಗೆ ಮಾಡಿ, ಅದರ ತಳದ ನೀರು ಬಸಿಯುವ ತೂತಿಗೆ ಎಲೆ, ಮಣ್ಣು ಕಟ್ಟಿಕೊಳ್ಳಲು ಬಿಟ್ಟರೆ ಕಥೆ ಅದೇ.

ಯಾಕೆಂದರೆ ತುಕ್ಕು ನಾವು ಎಣಿಸಿದ ಹಾಗೆ ಕೆಲಸ ಮಾಡುವುದಿಲ್ಲ. 1920ರ ದಶಕದಲ್ಲಿ ಕೇಂಬ್ರಿಜ್‌ನ ಯು. ಆರ್. ಇವಾನ್ಸ್ ಮಾಡಿ ತೋರಿಸಿದ ಪ್ರಯೋಗವನ್ನು ನಾನು ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ತೋರಿಸುತ್ತೇನೆ. ಉಜ್ಜುಕಾಗದದಲ್ಲಿ ಉಜ್ಜಿ ಬೆಳ್ಳಗಾಗಿಸಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರು. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ನಡುವಿಗೆ ತಲುಪುವುದು ನಿಧಾನ. ಹಾಗಾದರೆ ಎಲ್ಲಿ ಸವೆಯುತ್ತದೆ ಎಂದು ಕೇಳಿದರೆ ತರಗತಿಯೆಲ್ಲ ಒಕ್ಕೊರಲಿನಿಂದ ‘ಅಂಚಿನಲ್ಲಿ’ ಎನ್ನುತ್ತದೆ. ಒರೆಸಿ ನೋಡಿದರೆ ಅಂಚು ಹೊಳೆಯುತ್ತಿರುತ್ತದೆ, ಹನಿಯ ನಡುವೆ ಕಬ್ಬಿಣ ಕರಗಿ ಹೋಗಿರುತ್ತದೆ, ಎರಡರ ನಡುವೆ ಕಂದು ಬಳೆಯೊಂದು ಕೂತಿರುತ್ತದೆ. ನಡುವಿನ ಕಬ್ಬಿಣ ಎಲೆಕ್ಟ್ರಾನ್‌ಗಳನ್ನು ಬಿಟ್ಟು ನೀರಿಗಿಳಿಯುತ್ತದೆ. ಆ ಎಲೆಕ್ಟ್ರಾನ್‌ಗಳು ಲೋಹದೊಳಗೇ ಹರಿದು ಅಂಚಿಗೆ ಹೋಗಿ ಅಲ್ಲಿನ ಆಮ್ಲಜನಕಕ್ಕೆ ಸಲ್ಲುತ್ತವೆ. ಒಂದು ಹನಿಯಲ್ಲಿ ಒಂದು ಪುಟ್ಟ ಬ್ಯಾಟರಿ. ಇದರ ಮೂಲ ವಿಜ್ಞಾನವೂ ಇಟಲಿಯದೇ ಅನ್ನಿ: 1800ರಲ್ಲಿ ಮೊದಲ ಬ್ಯಾಟರಿ ಜೋಡಿಸಿದವರು ಕೋಮೊ ಊರಿನ ವೋಲ್ಟಾ.

ಈಗ ಹನಿಯ ಜಾಗದಲ್ಲಿ ಆ ಪೆಟ್ಟಿಗೆಯ ತಳದ ಒದ್ದೆ ಕೆಸರನ್ನು ಇಟ್ಟು ನೋಡಿ. ಕೆಸರಿನ ಅಡಿಯಲ್ಲಿ ಗಾಳಿ ಕಡಿಮೆ, ಸುತ್ತಲೂ ಹೆಚ್ಚು. ಕೊರೆತ ನಡೆಯುವುದು ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ. ಆದ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಬೆಸುಗೆಯ ಎರಡು ತಗಡುಗಳ ನಡುವೆ ಸೇರಿಕೊಂಡು ಅವನ್ನು ಬಿಡಿಸುತ್ತದೆ. ಹಳೆಯ ಮನೆಗಳ ಸಜ್ಜಾದಿಂದ ಸಿಮೆಂಟು ಕಳಚಿ ಬೀಳುವುದೂ ಒಳಗಿನ ಸರಳು ಹೀಗೆ ಉಬ್ಬುವುದರಿಂದಲೇ.

ಇನ್ನು ಟಾರ್ಪಾಲು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಸಿದ್ದಾಪುರದಲ್ಲಿ ಅಷ್ಟಿಲ್ಲದಿದ್ದರೂ ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಚಪ್ಪಲಿಯಿಂದ ಪುಸ್ತಕದವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಗಾಳಿಯ ಸಾಪೇಕ್ಷ ತೇವ ಸುಮಾರು ಶೇ. 60 ದಾಟಿದರೆ ಮಳೆಯೇ ಬೇಕಿಲ್ಲ, ಉಕ್ಕಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ, ಹನಿಯ ಆಟ ಶುರುವಾಗುತ್ತದೆ. ಶೆಡ್ಡಿನ ಮಣ್ಣಿನ ನೆಲದಿಂದ ಎದ್ದ ಆವಿ ಟಾರ್ಪಾಲಿನೊಳಗೆ ಸಿಕ್ಕಿಬೀಳುತ್ತದೆ, ರಾತ್ರಿ ತಣ್ಣಗಾದ ತಗಡಿನ ಮೇಲೆ ಬೆವರಿನಂತೆ ಇಳಿಯುತ್ತದೆ. ಒಣಗದ ಕಾಫಿ ಚೆರ್ರಿಯನ್ನು ಟಾರ್ಪಾಲಿನಲ್ಲಿ ಸುತ್ತಿಟ್ಟರೆ ಏನಾಗುತ್ತದೆ ಎಂದು ಆ ಗೆಳೆಯರನ್ನು ಕೇಳಿದರೆ ಸಿಟ್ಟಿಗೇಳುತ್ತಾರೆ. ಕಾರಿಗೆ ಅದನ್ನೇ ಹದಿನೈದು ವರ್ಷ ಮಾಡಿದ್ದರು.

ಅದೇ ಮನೆಯ ಕೋವಿಗೆ ಮಾತ್ರ ಒಂದು ಚುಕ್ಕಿ ತುಕ್ಕಿಲ್ಲ. ಸೆಪ್ಟೆಂಬರ್ 3ರ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಅದನ್ನು ಹೊರತೆಗೆದು, ನಳಿಗೆಯೊಳಗೆ ಬಟ್ಟೆ ಎಳೆದು, ಎಣ್ಣೆ ಸವರಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುತ್ತಾರೆ. ನಳಿಗೆಯ ಆ ಕಪ್ಪುನೀಲಿ ಹೊಳಪು ಬಣ್ಣವಲ್ಲ, ಅದೂ ಕಬ್ಬಿಣದ ಆಕ್ಸೈಡೇ. ಆದರೆ ಬಿಗಿಯಾಗಿ ಅಂಟಿಕೊಂಡು ಎಣ್ಣೆಯನ್ನು ಹಿಡಿದಿಡುವ ಜಾತಿಯದು. ಕೆಂಪು ತುಕ್ಕು ಪದರವಾಗಿ ಉದುರಿ ಹೊಸ ಕಬ್ಬಿಣವನ್ನು ಬಯಲು ಮಾಡುತ್ತದೆ.

ರಿಪೇರಿಗೆ ಎರಡು ಮಳೆಗಾಲದ ನಡುವಿನ ಬೇಸಗೆ ಪೂರ್ತಿ ಹಿಡಿಯಿತು. ಕೊಳೆತ ಪೆಟ್ಟಿಗೆಯನ್ನು ಒಮ್ಮೆಗೇ ಕತ್ತರಿಸಿದರೆ ಕಾರು ನಡುವೆ ಕುಸಿಯುತ್ತದೆ, ಆಮೇಲೆ ಎಷ್ಟು ಚಂದ ಬೆಸೆದರೂ ಬಾಗಿಲು ಕೂರುವುದಿಲ್ಲ. ಮೇಸ್ತ್ರಿ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡವಾಗಿ ಕಬ್ಬಿಣದ ಪೈಪು ಬೆಸೆದರು, ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು, ಒಂದು ಬದಿ ಮುಗಿದ ಮೇಲೆ ಇನ್ನೊಂದನ್ನು ಮುಟ್ಟಿದರು. ಹೊಸ ತಗಡಿಗೆ ಸತು ತುಂಬಿದ ಪ್ರೈಮರ್. ಸತು ಕಬ್ಬಿಣಕ್ಕಿಂತ ಮೊದಲು ತಾನು ಕರಗುತ್ತದೆ. ಜಿಂಕ್ ಶೀಟಿನ ಮಾಡುಗಳು ಇಲ್ಲಿನ ಮಳೆಯನ್ನು ತಾಳಿಕೊಳ್ಳುವುದು ಹೀಗೆಯೇ. ಬ್ರಷ್ಷು ತಲುಪದ ಮೂಲೆಗಳಲ್ಲಿ ಉಳಿದ ತೆಳು ತುಕ್ಕಿಗೆ ಟ್ಯಾನಿನ್ ದ್ರಾವಣ ಹಚ್ಚಿದಾಗ ಅದು ಕಪ್ಪಾಗಿ ಗಟ್ಟಿಯಾಯಿತು. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದೂ, ಅಣಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಲವಣ ಸೇರಿಸಿದರೆ ಕಪ್ಪು ಶಾಯಿಯಾಗುವುದೂ ಇದೇ ರಸಾಯನದಿಂದ. ಕೊನೆಗೆ ಪೆಟ್ಟಿಗೆಯೊಳಗೆ ಬಿಸಿ ಮೇಣ ಸಿಂಪಡಿಸಿದರು. ವಾರವಿಡೀ ಅದರ ವಾಸನೆ ಅಡುಗೆಮನೆಯವರೆಗೂ ಬಂದು ಗೆಳೆಯರ ತಾಯಿ ಬೈದರು.

ಟಾರ್ಪಾಲು ಈಗ ಕಾಫಿ ಕಣಕ್ಕೆ ಹೋಗಿದೆ. ಶೆಡ್ಡಿನ ನೆಲಕ್ಕೆ ಸಿಮೆಂಟು ಬಿದ್ದಿದೆ, ಎರಡು ಬದಿಯ ಗೋಡೆಗಳಲ್ಲಿ ಗಾಳಿಕಿಂಡಿ ಬಂದಿದೆ. ಅಲಮಾರಿಗೆ ಬಲ್ಬು ಹಾಕಿಡುವಂತೆ ಕಾರಿನೊಳಗೂ ಒಂದು ಬಲ್ಬು ಉರಿಯುತ್ತದೆ. 20 ಡಿಗ್ರಿಯಲ್ಲಿ ಶೇ. 95ರಷ್ಟಿರುವ ತೇವ, ಅದೇ ಗಾಳಿ 25 ಡಿಗ್ರಿಗೆ ಬೆಚ್ಚಗಾದರೆ ಶೇ. 70ರ ಆಸುಪಾಸಿಗೆ ಇಳಿಯುತ್ತದೆ. ಹೊಳವಾದ ದಿನ ಮಾಡು ಮಡಚಿ ಕುಶಾಲನಗರದವರೆಗೆ ಹೋಗಿ ಬರುತ್ತಾರೆ. ಎಂಜಿನ್ನಿನ ಬಿಸಿಗೆ, ಓಟದ ಗಾಳಿಗೆ ಸಂದುಗಳೆಲ್ಲ ಒಣಗುತ್ತವೆ. ಮೊನ್ನೆ ಹೋದಾಗ ಗೆಳೆಯರು ಹಿಡಿಸೂಡಿಯ ಒಂದು ಕಡ್ಡಿ ಮುರಿದುಕೊಂಡು ಕಾರಿನ ಕೆಳಗೆ ಅಂಗಾತ ಮಲಗಿದ್ದರು. ಪ್ರತಿ ಭಾನುವಾರ ಪೆಟ್ಟಿಗೆಯ ತಳದ ತೂತುಗಳನ್ನು ಚುಚ್ಚಿ ನೋಡುವುದು ಅಭ್ಯಾಸವಂತೆ. ನಾಲ್ಕನೆಯ ತೂತಿನಿಂದ ಒಂದು ಸಿಲ್ವರ್ ಓಕ್ ಎಲೆಯ ಚೂರು, ಅದರ ಹಿಂದೆ ಒಂದು ಚಮಚದಷ್ಟು ಕಪ್ಪು ನೀರು ಇಳಿಯಿತು. ‘ನೋಡಿ, ಇಲ್ಲಿತ್ತು’ ಎಂದು ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.